ಬ್ಯಾಗು ಬಂತು, ಸಂಕ ಬರಲಿಲ್ಲ

ದಾನ ನಮ್ಮ ಕೇರಿಗೆ ಹೊಸತಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಅದು ಒಡೆಯರ ಮನೆ ಹಿತ್ತಿಲ ಬಾಗಿಲಿಂದ ಬರ್ತಿತ್ತು. ಹಬ್ಬದ ಮಾರನೇ ದಿನ ಉಳಿದ ಕಡುಬು, ಹರಿದ ಕಂಬಳಿ, ಸತ್ತವರ ಪಂಚೆ, ಸುಗ್ಗಿ ಮುಗಿದ ಮೇಲೆ ಕಣದ ಅಂಚಿನ ಜೊಳ್ಳುಭತ್ತ. ಕೊಡೋರು ಮೇಲೆ ನಿಂತು ಬಿಡೋರು, ಇಸ್ಕೊಳ್ಳೋರು ಕೆಳಗೆ ನಿಂತು ಸೆರಗು ಒಡ್ಡೋರು. ಕೈಗೆ ಕೈ ತಾಗಬಾರದು. ಈಗ ದಾನ ಟಾರು ರಸ್ತೆಯಲ್ಲಿ ಬರ್ತದೆ, ವ್ಯಾನಿನಲ್ಲಿ ಬರ್ತದೆ. ಮುಂದೆ ಬ್ಯಾನರು, ಹಿಂದೆ ಕ್ಯಾಮರಾ. ತರೋರು ವಿಶ್ವವಿದ್ಯಾಲಯದವರು, ದುಡ್ಡು ಯಾವುದೋ ಕಂಪನಿಯದ್ದು, ಇಲ್ಲಾ ಊರು ಬಿಟ್ಟು ಹೋಗಿ ದೊಡ್ಡವರಾದ ಯಾರದ್ದೋ. ಬಂದವರು ಕೈ ಕುಲುಕ್ತಾರೆ, ಮಕ್ಕಳ ಹೆಗಲ ಮೇಲೆ ಕೈ ಹಾಕ್ತಾರೆ. ಇದು ಸಣ್ಣ ಬದಲಾವಣೆ ಅಂತ ನಾವು ಅನ್ನೋದಿಲ್ಲ. ಆದರೆ ಒಂದು ಪ್ರಶ್ನೆ ಅಂದೂ ಇತ್ತು, ಇಂದೂ ಇದೆ. ನಮಗೆ ಏನು ಬೇಕು ಅಂತ ತೀರ್ಮಾನ ಮಾಡೋರು ಯಾರು?

ನಾವು ತೀರ್ಥಹಳ್ಳಿ ತಾಲ್ಲೂಕಿನ ಕೇರಿಯವರು. ನಮ್ಮಲ್ಲಿ ಕೂಲಿ ಮಾಡೋರಿದ್ದಾರೆ, ಅಂಗನವಾಡಿ ನಡೆಸೋರಿದ್ದಾರೆ, ಅಷ್ಟಿಷ್ಟು ಓದಿ ಮೇಷ್ಟ್ರಾದವರೂ ಇದ್ದಾರೆ. ನಾವು ಎಲ್ಲ ಸೇರಿ ಮಾತಾಡಿಕೊಂಡದ್ದನ್ನ ಇಲ್ಲಿ ಬರೀತಿದ್ದೇವೆ. ವಿಶ್ವವಿದ್ಯಾಲಯ ಹಳ್ಳಿಗೆ ಬರಬಾರದು ಅಂತ ನಮ್ಮ ವಾದ ಅಲ್ಲ, ಬರಲೇಬೇಕು. ಅದು ನಮ್ಮ ನಾಡಿಗೆ ಹೊಸ ಮಾತೂ ಅಲ್ಲ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯ 1930ರ ದಶಕದಲ್ಲೇ ಊರೂರಿಗೆ ಪ್ರಚಾರೋಪನ್ಯಾಸಕ್ಕೆ ಜನ ಕಳಿಸಿತು, ಆ ಉಪನ್ಯಾಸಗಳನ್ನ ಕಡಿಮೆ ಬೆಲೆಯ ಸಣ್ಣ ಪುಸ್ತಕ ಮಾಡಿ ಹಂಚಿತು. 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಶುರುವಾಯಿತು. 1977ರಲ್ಲಿ ಯುಜಿಸಿಯವರು ಪಾಠ, ಸಂಶೋಧನೆ ಜೊತೆಗೆ ವಿಸ್ತರಣೆಯೂ ವಿಶ್ವವಿದ್ಯಾಲಯದ ಮೂರನೇ ಕರ್ತವ್ಯ ಅಂದರು. 1987ರಲ್ಲಿ ನಮ್ಮ ಜಿಲ್ಲೆಗೇ ಕುವೆಂಪು ಹೆಸರಿನ ವಿಶ್ವವಿದ್ಯಾಲಯ ಬಂತು. ನಮ್ಮ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ, 1956ರಿಂದ 1960ರವರೆಗೆ ಮೈಸೂರಿನಲ್ಲಿ ಕುಲಪತಿಯಾಗಿದ್ದ ಶೂದ್ರ ಕವಿಯ ಹೆಸರು ಶಂಕರಘಟ್ಟದ ಬಾಗಿಲ ಮೇಲೆ ಬಂದದ್ದು ನಮಗೂ ಹೆಮ್ಮೆಯೇ.

ಹಾಗಾದರೆ ತಕರಾರು ಏನು? ನಮ್ಮಲ್ಲಿ ಒಂದು ವರ್ಷ ನಡೆದದ್ದನ್ನ ಹೇಳ್ತೇವೆ. ಬಂದ ವಿಶ್ವವಿದ್ಯಾಲಯ ಯಾವುದು, ದುಡ್ಡು ಕೊಟ್ಟ ದಾನಿ ಯಾರು ಅನ್ನೋದು ಬೇಡ. ಒಬ್ಬರ ಮೇಲೆ ಹಾಕಿದರೆ ಉಳಿದವರು ತಪ್ಪಿಸಿಕೊಳ್ತಾರೆ.

ಅವರು ಬಂದದ್ದು ಅಡಕೆ ಕೊಯ್ಲಿನ ಕಾಲದಲ್ಲಿ. ಮಲೆನಾಡಿನಲ್ಲಿ ಆ ತಿಂಗಳುಗಳು ಹೆಂಗಿರ್ತವೆ ಅಂತ ಇಲ್ಲಿನ ಮೇಷ್ಟ್ರುಗಳಿಗೆ ಗೊತ್ತು. ಹಗಲು ಗಂಡಸರು ಕೊನೆ ತೆಗೀತಾರೆ, ಹೊರ್ತಾರೆ. ಸಂಜೆ ಆದಮೇಲೆ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತರೆ ಏಳೋದು ಅರ್ಧ ರಾತ್ರಿಗೆ. ಸುಲಿದಷ್ಟಕ್ಕೆ ಕೂಲಿ. ವರ್ಷದಲ್ಲಿ ನಾಲ್ಕು ಕಾಸು ಕೈಯಲ್ಲಿ ಆಡೋದು ಆಗ ಮಾತ್ರ. ಅಮ್ಮ ಚಪ್ಪರದಲ್ಲಿ ಕೂತರೆ ಮಕ್ಕಳೂ ಅಲ್ಲೇ ಅಡಕೆ ಸಿಪ್ಪೆ ಮೇಲೆ ಮಲಗಿರ್ತವೆ. ಅಂಥ ಹೊತ್ತಲ್ಲಿ ಇವರು ಏಳು ದಿನದ ಶಿಬಿರ ಇಟ್ಟರು. ಸಂಜೆ ಏಳಕ್ಕೆ ಮಹಿಳಾ ಆರೋಗ್ಯ, ಎಂಟಕ್ಕೆ ಉಳಿತಾಯದ ಮಹತ್ವ. ಯಾರು ಬರ್ತಾರೆ? ಬಂದವರು ಒಡೆಯರ ಮನೆ ಅಮ್ಮನವರು, ಅವರ ಸೊಸೆಯಂದಿರು, ನಾಲ್ಕು ಮುದುಕಿಯರು. ಆಮೇಲೆ ಅಚ್ಚಾದ ವರದಿಯಲ್ಲಿ ನಮ್ಮ ಬಗ್ಗೆ ಒಂದು ಸಾಲು ಇತ್ತು. ದಲಿತ ಕಾಲೊನಿಯ ಮಹಿಳೆಯರಲ್ಲಿ ಆಸಕ್ತಿ ಕಡಿಮೆ ಅಂತ. ಆಸಕ್ತಿ ಕಡಿಮೆ ಅಂದವರಿಗೆ ಆ ಹೊತ್ತಿಗೆ ನಾವು ಎಲ್ಲಿದ್ದೆವು ಅಂತ ಕೇಳೋಕೆ ಹೊಳೆದಿರಲಿಲ್ಲ. ನಾವು ಇದ್ದದ್ದು ಅದೇ ಒಡೆಯರ ಚಪ್ಪರದಲ್ಲಿ, ಸಭೆಯ ಮೈಕಿನ ಸದ್ದು ಕೇಳುವಷ್ಟು ದೂರದಲ್ಲಿ.

ಉದ್ಘಾಟನೆ, ಸಮಾರೋಪ ಎರಡೂ ಒಡೆಯರ ಮನೆ ಅಂಗಳದಲ್ಲೇ ಆದವು. ಯಾಕೆಂದರೆ ಅಲ್ಲಿ ಕರೆಂಟಿತ್ತು, ಕುರ್ಚಿಯಿತ್ತು, ವ್ಯಾನು ತಿರುಗೋಕೆ ಜಾಗ ಇತ್ತು. ಜಗಲಿ ಮೇಲೆ ಅತಿಥಿಗಳು, ಅಂಗಳದಲ್ಲಿ ವಿದ್ಯಾರ್ಥಿಗಳು. ನಮ್ಮ ಹಿರಿಯರು ದಣಪೆ ಹತ್ರ ನಿಂತರು. ಯಾರೂ ಅವರನ್ನ ಅಲ್ಲೇ ನಿಲ್ಲಿ ಅನ್ನಲಿಲ್ಲ, ಕಾಲೇ ಮುಂದೆ ಹೋಗಲಿಲ್ಲ. ಅಷ್ಟು ತಲೆಮಾರಿನ ಅಭ್ಯಾಸ ಅದು. ಜಗಲಿ ಮೇಲಿಂದ ಸಮಾನತೆ ಬಗ್ಗೆ ಒಳ್ಳೆ ಭಾಷಣ ಆಯ್ತು. ಅಂಬೇಡ್ಕರ್ ಹೆಸರೂ ಬಂತು. ಆ ಭಾಷಣ ನಮ್ಮ ಕೇರಿಯ ಬಾವಿಕಟ್ಟೆ ಹತ್ರ ಆಗಿದ್ದರೆ ಒಡೆಯರು ಬಂದು ಕೆಳಗೆ ಕೂರ್ತಿದ್ದರೋ ಇಲ್ಲವೋ ನೋಡಬಹುದಿತ್ತು. ಆ ಪರೀಕ್ಷೆ ಒಂದೇ ಸಾಕಿತ್ತು, ಏಳು ದಿನದ ಪಾಠ ಬೇಡವಾಗಿತ್ತು.

ಕಡೇ ದಿನ ಮಕ್ಕಳಿಗೆ ಬ್ಯಾಗು ಕೊಟ್ಟರು. ಒಳ್ಳೇ ಬ್ಯಾಗೇ. ಬೆನ್ನ ಮೇಲೆ ದಾನಿಯ ಗುರುತು ದೊಡ್ಡದಾಗಿ ಇತ್ತು. ಸಾಲು ನಿಲ್ಲಿಸಿ, ಫೋಟೋ ತೆಗೆದು, ಧನ್ಯವಾದ ಹೇಳಿಸಿದರು. ನಮ್ಮ ಒಬ್ಬ ಹುಡುಗ ಫೋಟೋ ಸರಿ ಬರಲಿಲ್ಲ ಅಂತ ಮೂರು ಸಲ ಅದೇ ಬ್ಯಾಗನ್ನ ಇಸ್ಕೊಂಡ. ಆಗ ನಮ್ಮ ಅಜ್ಜಿಯೊಬ್ಬಳು ಎದ್ದು, “ಅಯ್ಯಾ, ಬ್ಯಾಗು ಕೊಟ್ರಿ, ಸಂತೋಷ. ಮಳೆಗಾಲದಲ್ಲಿ ಈ ಬ್ಯಾಗು ಹೊತ್ಕಂಡು ಮಕ್ಳು ಹಳ್ಳ ದಾಟದು ಹೆಂಗೆ? ಒಂದು ಸಂಕ ಮಾಡಿಸ್ಕೊಡಿ” ಅಂದಳು. ಬಂದವರು ನಕ್ಕರು. ಒಬ್ಬರು, “ಅಜ್ಜಿ, ಅದು ನಮ್ಮ ಪ್ರಾಜೆಕ್ಟಿನಲ್ಲಿ ಇಲ್ಲ” ಅಂದರು.

ಸಂಕ ಅಂದರೆ ಬಯಲುಸೀಮೆಯ ಓದುಗರಿಗೆ ಹೇಳಬೇಕು. ಹಳ್ಳಕ್ಕೆ ಅಡ್ಡ ಹಾಕಿದ ಒಂದೆರಡು ಅಡಕೆ ಮರ, ಹಿಡಿಯೋಕೆ ಒಂದು ಬಳ್ಳಿ ಅಥವಾ ಬಿದಿರು. ಕಾಲುಸಂಕ ಅಂತಾರೆ. ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳ್ತದೆ. ಅದರ ಬಹುಪಾಲು ಜೂನಿಂದ ಸೆಪ್ಟೆಂಬರಿನೊಳಗೆ, ಅಂದರೆ ಶಾಲೆ ನಡೆಯೋ ಕಾಲದಲ್ಲೇ. 2022ರ ಮಳೆಗಾಲದಲ್ಲಿ ಘಟ್ಟದ ಕೆಳಗೆ ಬೈಂದೂರು ಕಡೆ ಶಾಲೆಯಿಂದ ಮನೆಗೆ ಬರ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಇಂಥ ಕಡೆ ಶಿಕ್ಷಣ ಅಂದರೆ ಮೊದಲು ಸಂಕ, ಆಮೇಲೆ ಬ್ಯಾಗು. ಇದು ನಮ್ಮ ಅಜ್ಜಿಗೆ ಗೊತ್ತಿತ್ತು. ಅರವತ್ತು ಪ್ರಶ್ನೆಯ ಸಮೀಕ್ಷೆ ಹಾಳೆ ಹಿಡ್ಕೊಂಡು ಮನೆಮನೆ ತಿರುಗಿದವರಿಗೆ ಗೊತ್ತಾಗಲಿಲ್ಲ. ಆ ಹಾಳೆಯಲ್ಲಿ ಮನೇಲಿ ಟೀವಿ ಇದೆಯಾ ಅಂತ ಇತ್ತು, ಶಾಲೆಗೆ ದಾರಿ ಇದೆಯಾ ಅಂತ ಇರಲಿಲ್ಲ.

ಇನ್ನು ದುಡ್ಡಿನ ಮಾತು. ಕೊಡುಗೈ ದಾನಿಗಳು ಅಂತ ವೇದಿಕೆ ಮೇಲೆ ಹೊಗಳ್ತಾರಲ್ಲ, ಅದನ್ನ ಸ್ವಲ್ಪ ಬಿಚ್ಚಿ ನೋಡೋಣ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಐನೂರು ಕೋಟಿ ನಿವ್ವಳ ಆಸ್ತಿ, ಇಲ್ಲಾ ಸಾವಿರ ಕೋಟಿ ವಹಿವಾಟು, ಇಲ್ಲಾ ಐದು ಕೋಟಿ ಲಾಭ ಇದ್ದರೆ ಈ ನಿಯಮ ತಾಗ್ತದೆ. 2014ರ ಏಪ್ರಿಲಿನಿಂದ ಇದು ಜಾರಿಯಲ್ಲಿದೆ. ಹಾಗಾದರೆ ಇದು ಕಾನೂನು ಹೇಳಿದ ಬಾಧ್ಯತೆ. ಬಾಧ್ಯತೆ ತೀರಿಸಿದವರಿಗೆ ನಮ್ಮ ಮಕ್ಕಳು ಸಾಲು ನಿಂತು ಯಾಕೆ ಧನ್ಯವಾದ ಹೇಳಬೇಕು? ಸ್ವಂತ ಇಚ್ಛೆಯಿಂದ ಕೊಡೋ ದೇಣಿಗೆಗೂ ಅನೇಕ ಸಲ ತೆರಿಗೆ ರಿಯಾಯ್ತಿ ಇರ್ತದೆ. ಅಂದರೆ ಸರ್ಕಾರದ ಬೊಕ್ಕಸಕ್ಕೆ ಬರಬೇಕಾಗಿದ್ದ ಒಂದು ಪಾಲೂ ಆ ಬ್ಯಾಗಿನಲ್ಲಿ ಸೇರಿದೆ. ಬೊಕ್ಕಸದ ದುಡ್ಡಾದರೆ ನಾವು ಗ್ರಾಮಸಭೆಯಲ್ಲಿ ಎದ್ದು ಲೆಕ್ಕ ಕೇಳಬಹುದು. ದಾನದ ದುಡ್ಡಿಗೆ ಲೆಕ್ಕ ಕೇಳಿದರೆ ಕೃತಘ್ನರು ಅಂತಾರೆ.

ನಮ್ಮದೇ ಪಾಲಿನ ದುಡ್ಡಿನ ಕತೆಯೂ ಇದೆ. ಜನಸಂಖ್ಯೆಗೆ ತಕ್ಕ ಪಾಲು, ಅಂದರೆ ಶೇಕಡಾ 24.1, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಸಲ್ಲಬೇಕು ಅಂತ ಕರ್ನಾಟಕದಲ್ಲಿ 2013ರಲ್ಲಿ ಕಾಯ್ದೆ ಆಯ್ತು. ಅದೇ ಕಾಯ್ದೆಯ 7ಡಿ ಅನ್ನೋ ಕಿಂಡಿಯಿಂದ ಎಲ್ಲರಿಗೂ ಆಗೋ ರಸ್ತೆ, ಕಟ್ಟಡದ ಖರ್ಚನ್ನೂ ನಮ್ಮ ಲೆಕ್ಕಕ್ಕೆ ಬರೆಯೋಕೆ ದಾರಿ ಇತ್ತು. ಸಂಘಟನೆಗಳು ವರ್ಷಗಟ್ಟಲೆ ಕೂಗಿದ ಮೇಲೆ 2023ರಲ್ಲಿ ಆ ಕಿಂಡಿ ಮುಚ್ಚಿದರು. ಒಂದು ಕಡೆ ನಮ್ಮ ಹಕ್ಕಿನ ದುಡ್ಡು ಸೋರಿ ಹೋಗ್ತಿರ್ತದೆ, ಇನ್ನೊಂದು ಕಡೆ ದಾನದ ದುಡ್ಡು ತಮಟೆ ಹೊಡ್ಕೊಂಡು ಬರ್ತದೆ. ಬಂದದ್ದನ್ನ ನೋಡಿ ಹೋದದ್ದನ್ನ ಮರೆತರೆ ನಷ್ಟ ನಮ್ಮದೇ.

ದಾನ ಮತ್ತು ಹಕ್ಕಿನ ವ್ಯತ್ಯಾಸ ಬಾಬಾಸಾಹೇಬರ ಬದುಕಿನಲ್ಲೇ ಇದೆ. 1913ರಲ್ಲಿ ಬರೋಡಾದ ಮಹಾರಾಜರ ವಿದ್ಯಾರ್ಥಿವೇತನದಿಂದ ಅವರು ಅಮೆರಿಕಾದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಓದಿ ಬಂದು ಹತ್ತು ವರ್ಷ ಬರೋಡಾದಲ್ಲಿ ಕೆಲಸ ಮಾಡಬೇಕು ಅಂತ ಕರಾರು. 1917ರಲ್ಲಿ ಕರಾರಿನಂತೆ ಬರೋಡಾಕ್ಕೆ ಬಂದರೆ ಉಳಿಯೋಕೆ ಒಂದು ಮನೆ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಹೆಸರು ಮರೆಸಿಕೊಂಡು ಇದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಮಹಾರಾಜರು ಒಳ್ಳೆಯವರೇ, ಆ ವೇತನ ಇಲ್ಲದಿದ್ದರೆ ಬಾಬಾಸಾಹೇಬರ ಓದು ಎಲ್ಲಿ ನಿಲ್ತಿತ್ತೋ. ಆದರೆ ದೊರೆ ಕೊಟ್ಟ ವೇತನಕ್ಕೆ ಊರಿನ ಜಾತಿ ಬಗ್ಗಲಿಲ್ಲ. ಅದನ್ನ ಉಂಡವರು ಅವರು. ಅದಕ್ಕೇ 1942ರಲ್ಲಿ ವೈಸ್‌ರಾಯರ ಕಾರ್ಯಕಾರಿ ಮಂಡಳಿಗೆ ಹೋದಾಗ ಪರಿಶಿಷ್ಟರ ಓದಿಗೆ ಸರ್ಕಾರದ ಖಜಾನೆಯಿಂದ ದುಡ್ಡು ಕೊಡಿ ಅಂತ ಮನವಿ ಬರೆದರು. 1944ರಿಂದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ನಮ್ಮಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಹೆಚ್ಚಿನವರು ಆ ವೇತನ, ಸರ್ಕಾರಿ ಹಾಸ್ಟೆಲ್ಲಿನ ಅನ್ನ, ಇವೆರಡರ ಮಕ್ಕಳು. ಅದಕ್ಕೆ ಯಾವ ದಾನಿಯ ಮುಂದೆಯೂ ಅವರು ಕೈಕಟ್ಟಿ ನಿಲ್ಲಬೇಕಾಗಿ ಬರಲಿಲ್ಲ.

ವಿಶ್ವವಿದ್ಯಾಲಯಗಳ ದತ್ತಿಗಳನ್ನೂ ನೋಡಿ. ಯಾವ ಘಟಿಕೋತ್ಸವಕ್ಕೆ ಹೋದರೂ ಚಿನ್ನದ ಪದಕಗಳ ಪಟ್ಟಿ ಉದ್ದ ಇರ್ತದೆ. ಪದಕಕ್ಕೆ ದಾನಿಯ ತಂದೆಯ ಹೆಸರು, ತಾಯಿಯ ಹೆಸರು. ಹೆತ್ತವರನ್ನ ನೆನೆಯೋದು ತಪ್ಪಲ್ಲ. ಆದರೆ ಪದಕ ಸಿಗೋದು ಓದಿ ಮುಗಿಸಿ ಮೊದಲು ಬಂದವರಿಗೆ. ಓದು ಮುಗಿಸೋಕೇ ಆಗದವರಿಗೆ ಏನಿದೆ? ತೀರ್ಥಹಳ್ಳಿಯಿಂದ ಶಿವಮೊಗ್ಗ ಸುಮಾರು 60 ಕಿಲೋಮೀಟರು, ಅಲ್ಲಿಂದ ಶಂಕರಘಟ್ಟ ಇನ್ನೂ ಮುಂದೆ. ನಮ್ಮ ಹಳ್ಳಿಯಿಂದ ತೀರ್ಥಹಳ್ಳಿಗೆ ಬರೋದೇ ಒಂದು ಪ್ರಯಾಣ. ಹಾಸ್ಟೆಲ್ ಸೀಟು ಸಿಗದೆ, ವೇತನ ತಡವಾಗಿ ಬಂದು, ಎರಡನೇ ಸೆಮಿಸ್ಟರಿಗೆ ಮನೆಗೆ ಬಂದು ಮತ್ತೆ ಮೆಟ್ಟುಗತ್ತಿ ಮುಂದೆ ಕೂತ ಹೆಣ್ಣುಮಕ್ಕಳು ನಮ್ಮ ಕೇರಿಯಲ್ಲಿ ಇದ್ದಾರೆ. ಒಂದು ಪದಕದ ಇಡಗಂಟಿನ ಬಡ್ಡಿ ಇಂಥ ಒಬ್ಬಳ ಒಂದು ವರ್ಷದ ಬಸ್ಸಿಗೆ ಆದರೆ ದಾನಿಯ ತಾಯಿಯ ಹೆಸರು ಇನ್ನೂ ಚೆನ್ನಾಗಿ ಉಳೀತದೆ. 1967ರಲ್ಲಿ ಬಂದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ನಾಯಿಗುತ್ತಿ ಮೇಲೆ ವಿಚಾರಸಂಕಿರಣ ನಡೀತವೆ, ಪ್ರಬಂಧ ಮಂಡಿಸ್ತಾರೆ. ಗುತ್ತಿಯ ಮೊಮ್ಮಕ್ಕಳು ಆ ಸಭೆಯಲ್ಲಿ ಎಷ್ಟು ಜನ ಕೂತಿದ್ದಾರೆ ಅಂತ ಎಣಿಸಿದವರು ಯಾರು?

ನಮ್ಮ ಹುಡುಗರು ಇನ್ನೂ ಅದೇ ಚಪ್ಪರದಲ್ಲಿ ಯಾಕೆ ಇದ್ದಾರೆ ಅನ್ನೋದಕ್ಕೂ ಚರಿತ್ರೆ ಇದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ನಮ್ಮ ತಾಲ್ಲೂಕಿನ ಆರಗದವರಾದ ಶಾಂತವೇರಿ ಗೋಪಾಲಗೌಡರು ಅದರಲ್ಲಿ ಮುಂದಿದ್ದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. 1974ರಲ್ಲಿ ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯ ಆದ. ದೊಡ್ಡ ಕೆಲಸ ಅದು. ಆದರೆ ನಮ್ಮವರಲ್ಲಿ ಹೆಚ್ಚಿನವರಿಗೆ ಗೇಣಿ ಚೀಟಿಯೇ ಇರಲಿಲ್ಲ, ಇದ್ದದ್ದು ಜೀತದ ಲೆಕ್ಕ. 1976ರ ಕಾಯ್ದೆ ಜೀತವನ್ನ ರದ್ದು ಮಾಡಿತು, ನೆಲ ಕೊಡಲಿಲ್ಲ. ಈ ಚರಿತ್ರೆ ಓದದೆ ಕೇರಿಗೆ ಬಂದವರಿಗೆ ನಮ್ಮ ಬಡತನ ನಮ್ಮ ಕೆಟ್ಟ ಅಭ್ಯಾಸದ ಥರ ಕಾಣ್ತದೆ. ಆಗ ಅವರು ಉಳಿತಾಯದ ಬಗ್ಗೆ ಭಾಷಣ ಮಾಡ್ತಾರೆ.

ದಾನಿಗಳ ದುಡ್ಡೆಲ್ಲ ಹೀಗೇ ಅಂತ ಹೇಳಿದರೆ ಸುಳ್ಳಾಗ್ತದೆ. ಅಜೀಂ ಪ್ರೇಮ್‌ಜಿಯವರ ದುಡ್ಡಿನಿಂದ ನಡೆಯೋ ವಿಶ್ವವಿದ್ಯಾಲಯಕ್ಕೆ 2010ರಲ್ಲಿ ಕರ್ನಾಟಕದಲ್ಲಿ ಕಾಯ್ದೆ ಆಯ್ತು. ಅವರದೇ ಪ್ರತಿಷ್ಠಾನ 2024ರಲ್ಲಿ ರಾಜ್ಯ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು, ಶಾಲೆ ಮಕ್ಕಳಿಗೆ ವಾರಕ್ಕೆ ಎರಡು ದಿನ ಸಿಗ್ತಿದ್ದ ಮೊಟ್ಟೆ ಆರು ದಿನ ಸಿಗೋ ಹಾಗೆ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ಕೊಡೋಕೆ ಮುಂದಾಯಿತು. ಮೊಟ್ಟೆ ಬೇಡ ಅಂತ ಮಠ, ಮನೆತನಗಳಿಂದ ಎಷ್ಟು ಕೂಗು ಎದ್ದಿತ್ತು ಅನ್ನೋದು ನಿಮಗೆ ಗೊತ್ತು. ತಿನ್ನೋರಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಇಲ್ಲಾ ಚಿಕ್ಕಿ. ಇಲ್ಲಿ ದುಡ್ಡು ಸರ್ಕಾರಿ ಶಾಲೆಯ ತಟ್ಟೆಗೇ ಬಂತು. ಕೇರಿಯ ಮಗು, ಊರಿನ ಮಗು ಅಂತ ಬೇರೆ ಮಾಡಲಿಲ್ಲ, ಮೊಟ್ಟೆ ಸಿಪ್ಪೆ ಮೇಲೆ ಯಾರ ಹೆಸರೂ ಇರಲಿಲ್ಲ. ಇದನ್ನ ನಾವು ಒಪ್ತೇವೆ. ಒಪ್ಪಿಕೊಂಡೇ ಕೇಳ್ತೇವೆ. ಮಗುವಿನ ಹಸಿವಿಗೆ ಮೂರು ವರ್ಷದ ಒಪ್ಪಂದ ಅಂತ ಇರೋಕಾಗ್ತದಾ? ಒಪ್ಪಂದ ಇರಲಿ ಬಿಡಲಿ, ಆ ಮೊಟ್ಟೆ ಬಜೆಟ್ಟಿನ ಪುಸ್ತಕದಲ್ಲಿ ಬರೀಬೇಕು.

ನಮ್ಮ ಕೇರಿಗೆ ಬಂದ ಆ ಶಿಬಿರದಿಂದಲೂ ಒಂದು ಒಳ್ಳೇದಾಯ್ತು. ಅದು ವರದಿಯಲ್ಲಿಲ್ಲ. ಬಂದ ವಿದ್ಯಾರ್ಥಿಗಳಲ್ಲಿ ಬಯಲುಸೀಮೆಯ ಒಬ್ಬ ಹುಡುಗಿ ಇದ್ದಳು. ಮೂರನೇ ರಾತ್ರಿ ಸಭೆ ಬಿಟ್ಟು ನಮ್ಮ ಹೆಂಗಸರ ಪಕ್ಕ ಚಪ್ಪರದಲ್ಲಿ ಬಂದು ಕೂತಳು. ಅಡಕೆ ಸುಲಿಯೋಕೆ ಕಲಿತು ಬೆರಳು ಕುಯ್ಕೊಂಡಳು. “ಅಮ್ಮಾ, ನಿಮ್ಮ ಮನೆಗೆ ಹಕ್ಕುಪತ್ರ ಇದೆಯಾ?” ಅಂತ ಕೇಳಿದಳು. ಸಮೀಕ್ಷೆ ಹಾಳೆಯಲ್ಲಿ ಆ ಪ್ರಶ್ನೆ ಇರಲಿಲ್ಲ. ಇರಲಿಲ್ಲ ನಮ್ಮಲ್ಲಿ ಸುಮಾರು ಮನೆಗಳಿಗೆ ಹಕ್ಕುಪತ್ರವೂ. ಎರಡು ತಿಂಗಳು ಬಿಟ್ಟು ಅವಳು ತನ್ನ ಇಬ್ಬರು ಗೆಳೆಯರ ಜೊತೆ ಸ್ವಂತ ದುಡ್ಡಲ್ಲಿ ಬಸ್ಸು ಹತ್ತಿ ಬಂದಳು. ನಮ್ಮ ಮನೇಲೇ ಉಂಡು, ನಮ್ಮ ಮನೇಲೇ ಮಲಗಿ, ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗೆ 94ಸಿ ಕಲಮಿನ ಅರ್ಜಿ ಬರೆದುಕೊಟ್ಟಳು. ಮಕ್ಕಳ ಜಾತಿ, ಆದಾಯದ ಸರ್ಟಿಫಿಕೇಟಿಗೂ ಬರೆದಳು. ಸಂಕಕ್ಕೆ ಗ್ರಾಮಸಭೆಯಲ್ಲಿ ಕೊಡೋ ಅರ್ಜಿಯನ್ನ ಅವಳು ಬರೀಲಿಲ್ಲ, ನಮ್ಮ ಹುಡುಗರ ಕೈಯಲ್ಲೇ ಬರೆಸಿದಳು. “ನಾಳೆ ನಾನು ಇರಲ್ಲ, ನೀವೇ ಬರೀಬೇಕಲ್ಲ ಅಣ್ಣಾ” ಅಂದಳು. ಕೆಲವು ಮನೆಗೆ ಪತ್ರ ಬಂತು, ಕೆಲವು ಅರ್ಜಿ ಇನ್ನೂ ಕಚೇರಿಯಲ್ಲಿವೆ. ಸಂಕದ ಅರ್ಜಿ ಹಿಡ್ಕೊಂಡು ನಾವು ಇವತ್ತೂ ಪ್ರತಿ ಗ್ರಾಮಸಭೆಗೆ ಹೋಗ್ತೇವೆ.

ಅವಳು ಮಾಡಿದ್ದು ಹೊಸತೇನಲ್ಲ, ಈ ಜಿಲ್ಲೆಗೆ ಆ ಪರಂಪರೆ ಇದೆ. ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳ್ತಿದ್ದ ಪ್ರೊ. ಬಿ. ಕೃಷ್ಣಪ್ಪ 1970ರ ದಶಕದಲ್ಲಿ ಕ್ಲಾಸಿನಿಂದ ಕೇರಿಗೆ ನಡೆದರು. ದಲಿತ ಸಂಘರ್ಷ ಸಮಿತಿ ಕಟ್ಟಿದರು. ವಿದ್ಯಾರ್ಥಿಗಳು, ಸಣ್ಣಪುಟ್ಟ ನೌಕರರು ಗೋಡೆ ಮೇಲೆ ಬರೆದು, ಹಾಡು ಹೇಳಿ, ಕೇರಿಯ ಗುಡಿಸಲಲ್ಲಿ ಮಲಗಿ ಊರೂರು ತಿರುಗಿದರು. ಅದಕ್ಕೆ ಯಾರೂ ವಿಸ್ತರಣಾ ಚಟುವಟಿಕೆ ಅಂತ ಹೆಸರಿಡಲಿಲ್ಲ. ನಮಗೆ ಅದಕ್ಕಿಂತ ದೊಡ್ಡ ವಿಸ್ತರಣೆ ಗೊತ್ತಿಲ್ಲ.

ಗೆಳೆಯರೇ, ವಿದ್ಯಾರ್ಥಿಗಳೇ, ಮೇಷ್ಟ್ರುಗಳೇ, ನಾಳೆ ನಿಮ್ಮ ವಿಶ್ವವಿದ್ಯಾಲಯದಿಂದ ಒಂದು ವ್ಯಾನು ನಮ್ಮಂಥ ಕೇರಿಗೆ ಹೊರಟರೆ ಹತ್ತೋ ಮುಂಚೆ ನಾಲ್ಕು ಮಾತು ಕೇಳಿ. ಯಾವ ತಿಂಗಳಲ್ಲಿ ಬರಬೇಕು ಅಂತ ಕೇರಿಯವರನ್ನ ಕೇಳಿದಿರಾ? ಸಭೆ ಯಾರ ಅಂಗಳದಲ್ಲಿ? ನಿಮ್ಮ ಅಡಿಗೆ ಮಾಡೋರು ಯಾರು, ನೀವು ಉಣ್ಣೋದು ಯಾರ ಮನೇಲಿ? ಬಂದ ದುಡ್ಡೆಷ್ಟು, ಬ್ಯಾನರಿಗೆಷ್ಟು, ಊಟಕ್ಕೆಷ್ಟು, ಕೇರಿಗೆಷ್ಟು? ಆ ಲೆಕ್ಕವನ್ನ ಕನ್ನಡದಲ್ಲಿ ಬರೆದು ನಮ್ಮ ಶಾಲೆ ಗೋಡೆಗೆ ಅಂಟಿಸಿ ಹೋಗಿ. ನಮ್ಮ ಬಗ್ಗೆ ಬರೆದ ವರದಿಯನ್ನ ಅಚ್ಚು ಹಾಕೋ ಮುಂಚೆ ನಮ್ಮ ಮುಂದೆ ಓದಿ. ತಪ್ಪಿದ್ದರೆ ನಾವು ತಿದ್ತೇವೆ. ನಮ್ಮಲ್ಲೂ ಓದು ಬಲ್ಲವರಿದ್ದಾರೆ.

ಮಕ್ಕಳಿಗೆ ಬ್ಯಾಗು ಕೊಡೋದಾದರೆ ಕೊಡಿ, ಸಾಲು ನಿಲ್ಲಿಸಬೇಡಿ. ಮೇಷ್ಟ್ರ ಕೈಗೆ ಕೊಟ್ಟು ಹೋಗಿ, ಅವರು ಹಂಚ್ತಾರೆ. ಕೊಟ್ಟ ಮೇಲೆ ನಮ್ಮ ಜೊತೆ ಒಂದು ಸಲ ಗ್ರಾಮಸಭೆಗೆ ಬನ್ನಿ. ಸಂಕದ ಮಾತು ಬಂದಾಗ ನಮ್ಮ ಪಕ್ಕ ನಿಂತುಕೊಳ್ಳಿ. ಮುಂದಿನ ಗ್ರಾಮಸಭೆ ಮಳೆಗಾಲದ ಮುಂಚೆ ಇದೆ. ಆರ್ಜಿ ಬರೆದಾಗಿದೆ, ಸಹಿಗಳು ಆಗ್ತಾ ಇವೆ.